ಮರದ ಹಾಲಿನ ಗ್ಲೌಸು

ಅಡುಗೆಮನೆಯಲ್ಲಿ ನಾನು ಹುರಿದ ಶೇಂಗಾದ ಸಿಪ್ಪೆ ಬಿಡಿಸುತ್ತಿದ್ದಾಗ ಅತ್ತೆ ನನ್ನ ಎಡಗೈಯನ್ನು ಗಪ್ಪನೆ ಹಿಡಿದು ಮಗುಚಿ ನೋಡಿದರು. ಅವರು ರಾಣೆಬೆನ್ನೂರಿನಿಂದ ಬಂದು ನಾಗಸಂದ್ರದ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ನೆಲೆಸಿ ಆಗಲೇ ವರ್ಷವಾಗಿತ್ತು. ಅಷ್ಟು ದಿನದಲ್ಲಿ ನನಗೆ ಅವರಿಂದ ಏನನ್ನಾದರೂ ಮುಚ್ಚಿಡಲು ಸಾಧ್ಯವಾಗಿದ್ದರೆ ಅದು ಇದೊಂದೇ, ಅದೂ ಕೆಲವೇ ವಾರ.

"ಇದೇನ ಇದು?"

"ಏನಿಲ್ರೀ ಅತ್ತೀ, ಸಣ್ಣ ತುರಿಕೆ."

"ಸಣ್ಣದಂತ! ಅಂಗೈ ತುಂಬ ಸಿಪ್ಪಿ ಎದ್ದೈತಿ, ನಡುವ ಕೆಂಪಗ ಆಗೈತಿ. ಲಿಂಗಾ ಹಿಡಿಯೂ ಕೈ ಇದು. ಇದರ ಮ್ಯಾಲ ಹೆಂಗ ಪೂಜಿ ಮಾಡಾಕತ್ತಿ?"

ಸುಳ್ಳು ಹೇಳುವುದರಲ್ಲಿ ನಾನು ಮೊದಲಿನಿಂದಲೂ ಕಚ್ಚಾ. ಉರಿ ತಡೆಯದೆ ಆಗಲೇ ಅಭಿಷೇಕ ನಿಲ್ಲಿಸಿದ್ದೆ. ಕೊರಳಲ್ಲಿರುವ ಲಿಂಗದ ಕರಡಿಗೆಯನ್ನು ತೆರೆಯದೆ ಹಾಗೇ ಕೈಮುಗಿದು ಎದ್ದುಬಿಡುತ್ತಿದ್ದೆ. ಅದನ್ನು ಹೇಳಿದ್ದೇ ತಡ, ಅತ್ತೆಯ ಮುಖ ಗಂಭೀರವಾಯಿತು. ಅವರು ಜೋರಾಗಿ ಬಯ್ಯುವವರೆಗೂ ಭಯವಿಲ್ಲ, ಸುಮ್ಮನಾದರೆ ಕಷ್ಟ. ಸುಮ್ಮನೆ ಹೋಗಿ ಮಗನ ಎದುರು ಕೂತರು. ನಮ್ಮ ಯಜಮಾನರು ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಇಂಜಿನಿಯರ್. ಅಲ್ಲಿ ದೊಡ್ಡ ದೊಡ್ಡ ಯಂತ್ರಗಳಿಗೆ ಹೆದರದ ಮನುಷ್ಯ ಮನೆಯಲ್ಲಿ ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

"ಶ್ರಾವಣದ ಮೊದಲ ಸೋಮವಾರದೊಳಗ ಇಕಿ ಕೈ ಸುದ್ದ ಆಗಬೇಕು. ಇಲ್ಲಾ ಆ ಬೂಷ್ಟ ಹಿಡದ ಪುಸ್ತಕದ ಕೆಲಸ ಬಿಡಬೇಕು. ಎರಡರಾಗ ಒಂದು," ಎಂದರು ಅತ್ತೆ.

ಪೇಪರಿನ ಹಿಂದಿನಿಂದ "ಹೂಂ" ಎಂಬ ಸದ್ದು ಬಂತು. ಅದು ಯಾರ ಪರವೆಂದು ಇವತ್ತಿಗೂ ನನಗೆ ತಿಳಿದಿಲ್ಲ.

ಆಗ ಇನ್ನೂ ಬೇಸಿಗೆ. ಶ್ರಾವಣಕ್ಕೆ ಸಮಯವಿತ್ತು. ಆದರೂ ನಾನು ದಿನ ಎಣಿಸತೊಡಗಿದೆ. ಆ ಕೆಲಸ ನನಗೆ ಅಷ್ಟು ಇಷ್ಟವಾಗಿತ್ತು. ಮದುವೆಯಾಗಿ ಬಂದ ಮೇಲೆ ಸಿಕ್ಕ ಮೊದಲ ಕೆಲಸ, ನಾನೇ ಹುಡುಕಿಕೊಂಡದ್ದು, ಬೆಳಿಗ್ಗೆ ಏಳುವಾಗಲೇ ಹೋಗಬೇಕೆನಿಸುತ್ತಿದ್ದ ಕೆಲಸ. ಪೂಜೆ ಬಿಡುವುದೂ ನನಗೆ ಬೇಕಿರಲಿಲ್ಲ. ಚಿಕ್ಕಂದಿನಿಂದ ಎಡ ಅಂಗೈ ಮೇಲೆ ಲಿಂಗವಿಟ್ಟು ನೋಡುತ್ತ ಕೂರುವ ಆ ಹೊತ್ತು ದಿನದಲ್ಲಿ ನನಗೇ ಮೀಸಲಾಗಿದ್ದ ಹೊತ್ತು. ನನಗೆ ಎರಡೂ ಬೇಕಿತ್ತು. ಹಟಮಾರಿ ಎಂದರೆ ಅನ್ನಲಿ.

ನಮ್ಮ ಕೆಲಸದ ಜಾಗ ಪೀಣ್ಯದಲ್ಲಿ, ಮೊದಲು ಏನೋ ಬಿಡಿಭಾಗ ಮಾಡುತ್ತಿದ್ದು ಮುಚ್ಚಿಹೋದ ಒಂದು ಶೆಡ್ಡು. ಹಳೆಯ ಕಾಗದ, ಓಲೆಗರಿ ಉಳಿಸಬೇಕೆನ್ನುವ ಕೆಲವರು ಸೇರಿ ಅದನ್ನು ಬಾಡಿಗೆಗೆ ಹಿಡಿದಿದ್ದರು. ಮಠಗಳಿಂದ, ಹಳ್ಳಿಯ ಮನೆಗಳ ಅಟ್ಟದಿಂದ ಓಲೆಗರಿಯ ಕಟ್ಟುಗಳು, ಹಳೆಯ ಕಡತಗಳು ಮೂಟೆಯಲ್ಲಿ ಬರುತ್ತಿದ್ದವು. ಬಹುಪಾಲಿಗೆ ಬೂಷ್ಟು ಹಿಡಿದಿರುತ್ತಿತ್ತು. ಬಿಳಿ, ಹಸಿರು, ಕಪ್ಪು, ಒಂದೊಂದು ಕಟ್ಟಿಗೆ ಒಂದೊಂದು ಬಣ್ಣ. ನಾವು ಅದನ್ನು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಗರಿಗೆ ಎಣ್ಣೆ ಸವರಿ, ಒಣಗಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಮ್ಯೂಸಿಯಮ್ಮಿಗೆ ಕಳಿಸಬೇಕು. ಒಂದು ಪಕ್ಕ ಲೇತ್ ವರ್ಕ್‌ಶಾಪು, ಇನ್ನೊಂದು ಪಕ್ಕ ಬನಿಯನ್ ಫ್ಯಾಕ್ಟರಿ, ತಲೆಯ ಮೇಲೆ ಕಾದ ಶೀಟು. ಎಷ್ಟೋ ತಲೆಮಾರಿನ ಹಿಂದೆ ಯಾರೋ ಎಣ್ಣೆದೀಪದ ಬೆಳಕಿನಲ್ಲಿ ಕೊರೆದ ಅಕ್ಷರ ಲೇತ್ ಮಷೀನಿನ ಕಿರುಚಾಟದ ನಡುವೆ ನಮ್ಮ ಕೈಯಲ್ಲಿ ಮತ್ತೆ ಕಪ್ಪಗೆ ಎದ್ದು ಕಾಣುವಾಗ ನನಗೆ ಸಿಳ್ಳೆ ಹಾಕಬೇಕೆನಿಸುತ್ತಿತ್ತು. ಒಮ್ಮೆ ಹಾಕಿಯೂ ಇದ್ದೆ.

ಓಲೆಗರಿಯ ಮೇಜಿನಲ್ಲಿ ನಾವು ಮೂವರು. ನಾನು, ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರು, ಮತ್ತು ನಾಗಸಂದ್ರದ ಹಳೇ ಊರಿನವಳೇ ಆದ ಒಬ್ಬ ಅಕ್ಕ. ಕಾಗದದ ಕಡತಗಳಿಗೆ ಬೇರೆ ಮೇಜು, ಬೇರೆ ಜನ. ನಮ್ಮೆಲ್ಲರ ಮೇಲೆ ಕೆಮಿಸ್ಟ್ರಿ ಓದಿದ ತಮಿಳು ಮೇಡಂ. ಅವರ ಕನ್ನಡ ಅವಸರದ್ದು, ಮನಸ್ಸು ಒಳ್ಳೆಯದು, ಮೂಗು ಚುರುಕು. ಬಾಗಿಲಲ್ಲಿ ನಿಂತೇ ಯಾವ ಮೂಟೆಯಲ್ಲಿ ಎಷ್ಟು ಬೂಷ್ಟಿದೆ ಎಂದು ಹೇಳಿಬಿಡುತ್ತಿದ್ದರು.

ಅತ್ತೆಯ ಕಟ್ಟಪ್ಪಣೆಯ ಮಾರನೆಯ ದಿನವೇ ನಾನು ದಾಸರಹಳ್ಳಿಯ ಚರ್ಮದ ಡಾಕ್ಟರ ಹತ್ತಿರ ಹೋದೆ.

"ಪಾತ್ರೆ ಜಾಸ್ತಿ ತೊಳೀತೀರಾ ಮೇಡಂ?" ಎಂದು ಕೇಳಿದರು ಅವರು.

"ಇಲ್ಲ ಡಾಕ್ಟ್ರೇ, ಹಳೇ ಓಲೆಗರಿ ಕ್ಲೀನ್ ಮಾಡ್ತೀನಿ. ಬೂಷ್ಟು ಹಿಡಿದಿರುತ್ತೆ."

ಡಾಕ್ಟರು ಕನ್ನಡಕ ಮೇಲೆತ್ತಿ ನನ್ನ ಅಂಗೈಯನ್ನು ಬಹಳ ಆಸಕ್ತಿಯಿಂದ ನೋಡಿದರು. ಅಂಥ ರೋಗಿ ಅವರಿಗೆ ದಿನಾ ಸಿಗುವುದಿಲ್ಲವೆಂದು ಕಾಣುತ್ತದೆ. "ಅದೇ ಫಂಗಸ್ಸು. ಪುಸ್ತಕ ಬಿಟ್ಟು ನಿಮ್ಮ ಕೈ ಮೇಲೆ ಬಾಡಿಗೆಗೆ ಬಂದಿದೆ ಅಷ್ಟೆ. ಒದ್ದೆ ಚರ್ಮ ಅಂದ್ರೆ ಅದಕ್ಕೆ ಪ್ರಾಣ. ಮುಲಾಮು ಕೊಡ್ತೀನಿ. ಕೆಲಸದಲ್ಲಿ ಗ್ಲೌಸ್ ಹಾಕ್ಕೊಳ್ಳಿ. ಕೈ ಒಣಗಿರ್ಬೇಕು, ನೀರು ಆದಷ್ಟು ಕಮ್ಮಿ."

"ಪೂಜೆಗೆ?"

"ವಾಸಿಯಾಗೋವರ್ಗೂ ಅಭಿಷೇಕ ಬೇಡ. ದೇವರು ಕಾಯ್ತಾನೆ, ಫಂಗಸ್ಸು ಕಾಯಲ್ಲ."

ಗ್ಲೌಸು ನಮ್ಮಲ್ಲಿ ಮೊದಲೇ ಇತ್ತು. ಮೇಡಂ ಡಬ್ಬಿಗಟ್ಟಲೆ ತರಿಸಿದ್ದ ತೆಳ್ಳನೆಯ ರಬ್ಬರಿನವು, ಆಪರೇಷನ್ ಮಾಡುವಾಗ ಹಾಕಿಕೊಳ್ಳುವಂಥವು. ಆದರೆ ಆ ಶೀಟಿನ ಕೆಳಗೆ, ಏಪ್ರಿಲ್ಲಿನ ಸೆಕೆಯಲ್ಲಿ ಅದನ್ನು ಹಾಕಿಕೊಳ್ಳುವುದೆಂದರೆ ಕೈಗೆ ಹಬೆ ಕೊಟ್ಟ ಹಾಗೆ. ತೆಗೆದಾಗ ಬೆರಳ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಚರ್ಮ ಸ್ನಾನ ಮಾಡಿಸಿದ ಎಳೆಗೂಸಿನ ಕಾಲಿನಂತೆ ಸುಕ್ಕಾಗುತ್ತಿತ್ತು. ಒಣಗಿರಬೇಕಾದ ಕೈ ದಿನವೆಲ್ಲ ನೆನೆಯತೊಡಗಿತು. ನನ್ನ ಅಂಗೈ ಇನ್ನೂ ಕೆಂಪಾಯಿತು. ಮೇಷ್ಟ್ರಿಗೆ ಬೆರಳ ಸಂದಿಯಲ್ಲಿ ಶುರುವಾಯಿತು. ಅಕ್ಕನಿಗೆ ಉಗುರಿನ ಬುಡದಲ್ಲಿ.

"ಒಳಗೆ ಕಾಟನ್ ಬೇಕು. ಕಾಟನ್ ಬೆವರು ಕುಡಿಯುತ್ತೆ, ರಬ್ಬರ್ ಬೂಷ್ಟು ತಡೆಯುತ್ತೆ. ಟೂ ಲೇಯರ್," ಎಂದರು ಮೇಡಂ.

ಬಟ್ಟೆಗೇನೂ ಕೊರತೆಯಿರಲಿಲ್ಲ. ಪಕ್ಕದ ಬನಿಯನ್ ಫ್ಯಾಕ್ಟರಿಯವರು ಕತ್ತರಿಸಿ ಉಳಿದ ತುಂಡುಗಳನ್ನು ಒಂದು ಗೋಣಿ ಹಾಗೇ ಕೊಟ್ಟರು. ಹೊಲಿಯುವವಳೂ ನಮ್ಮ ಮನೆಯ ಕೆಳಗೇ ಇದ್ದಳು. ಕೊಪ್ಪಳದ ಕಡೆಯಿಂದ ಬಂದು, ಗೆಳತಿಯರೊಂದಿಗೆ ರೂಮು ಮಾಡಿಕೊಂಡು, ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋಗುತ್ತಿದ್ದ ಹೆಂಗಸು. ಕೊರಳ ಪಟ್ಟಿ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಗ್ಲೌಸನ್ನು ಅವಳು ಜನ್ಮದಲ್ಲಿ ಹೊಲಿದಿರಲಿಲ್ಲ, ನಾವ್ಯಾರೂ ಹೊಲಿಸಿರಲಿಲ್ಲ. ನಾನು ಪೇಪರಿನ ಮೇಲೆ ಕೈಯಿಟ್ಟು ಪೆನ್ಸಿಲಿನಿಂದ ಸುತ್ತ ಗೀಚಿ ಕೊಟ್ಟೆ. ಅವಳು ಗೀಚಿದ ಗೆರೆಯ ಮೇಲೇ ಕತ್ತರಿಸಿ ಹೊಲಿದಳು. ಬಂದ ಗ್ಲೌಸಿನೊಳಗೆ ನನ್ನ ಹೆಬ್ಬೆರಳೂ ಹೋಗಲಿಲ್ಲ. ಮುಂದಿನ ಸಲ ಧಾರಾಳವಾಗಿ ಬಿಟ್ಟು ಹೊಲಿದಳು. ಅದರ ಬೆರಳುಗಳು ಖಾಲಿಯಾಗಿ ಜೋತುಬಿದ್ದು ಅಲ್ಲಾಡುತ್ತಿದ್ದವು. ಅದನ್ನು ಹಾಕಿಕೊಂಡು ನಾನು ನಡುಮನೆಯಲ್ಲಿ ಎಮ್ಮೆಯ ಕೆಚ್ಚಲು ಮಾಡಿ ತೋರಿಸಿದಾಗ ಅವಳು ನಕ್ಕೂ ನಕ್ಕೂ ಗೋಡೆಗೆ ಆತುಕೊಂಡಳು.

ಅತ್ತೆ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು. ನಗಬಾರದೆಂದು ತುಟಿ ಬಿಗಿಹಿಡಿದಿದ್ದರು. ಕಡೆಗೆ ತಡೆಯಲಾರದೆ, "ಏ ಯವ್ವಾ, ಅಕಿ ಕೈ ನೋಡಿ ಹೊಲಿ, ಕಾಗದ ನೋಡಿ ಹೊಲಿಬ್ಯಾಡ. ಅಂಚಿಗೆ ಒಂದು ಜ್ವಾಳದ ಕಾಳಿನಷ್ಟು ಬಿಡು ಸಾಕು," ಎಂದರು. ಮೂರನೆಯದು ಸರಿಯಾಗಿ ಕೂತಿತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಸೊಪ್ಪಿನ ಕಡೆ ತಿರುಗಿದರು.

ಈಗ ವಾಸಿಯಾಗಲೇಬೇಕಲ್ಲ? ಆಗಲಿಲ್ಲ. ಮಳೆ ಶುರುವಾಯಿತು, ಮೂಟೆಗಳ ಬೂಷ್ಟು ಹೆಚ್ಚಿತು, ನನ್ನ ಅಂಗೈ ಒಂದು ವಾರ ಸುಧಾರಿಸಿದರೆ ಮುಂದಿನ ವಾರ ಮತ್ತೆ ಬಿರಿಯುತ್ತಿತ್ತು. ವಿಚಿತ್ರವೆಂದರೆ ಕಡತದ ಮೇಜಿನವರ ಕೈ ಎಲ್ಲ ಚೆನ್ನಾಗಿತ್ತು. ಅವರೂ ಅದೇ ಬೂಷ್ಟಿನೊಳಗೆ ಕೈಯಿಡುವವರು, ಅದೇ ಗ್ಲೌಸಿನವರು. ನಮ್ಮ ಮೂವರಿಗೆ ಮಾತ್ರ ಯಾಕೆ?

ಮೇಡಂ ಒಂದು ಬೆಳಿಗ್ಗೆ ಸ್ಟೂಲು ಹಾಕಿಕೊಂಡು ನಮ್ಮ ಮೇಜಿನ ತುದಿಯಲ್ಲಿ ಕೂತರು. "ನೀವು ಕೆಲಸ ಮಾಡಿ. ನಾನಿಲ್ಲ ಅಂದ್ಕೊಳ್ಳಿ," ಎಂದರು.

ನಾವು ಕೆಲಸ ಮಾಡಿದೆವು. ಮೊದಲು ಒಂದು ವೈದ್ಯದ ಕಟ್ಟು, ಕಷಾಯ ಚೂರ್ಣಗಳದ್ದು. ಗ್ಲೌಸು ಹಾಕಿಕೊಂಡೇ ಉದುರಿಸಿದೆವು. ಮೇಡಂ ತಲೆಯಾಡಿಸಿದರು. ಆಮೇಲೆ ಮೇಷ್ಟ್ರು ಇನ್ನೊಂದು ಕಟ್ಟಿನ ದಾರ ಬಿಚ್ಚಿ, ಮೊದಲ ಗರಿ ನೋಡಿ, "ಶಿವಸ್ತುತಿ ಕಣ್ರಮ್ಮಾ," ಎಂದರು. ಅಷ್ಟಂದಿದ್ದೇ ನಾವು ಮೂವರೂ ಎದ್ದೆವು. ಗ್ಲೌಸು ಕಳಚಿ ಪಕ್ಕಕ್ಕಿಟ್ಟೆವು. ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡೆವು. ಕೈ ಝಾಡಿಸಿ, ನೀರು ಇಳಿಯುತ್ತಿದ್ದ ಹಾಗೇ ಬಂದು, ಗರಿಯನ್ನು ಎರಡೂ ಕಣ್ಣಿಗೊತ್ತಿಕೊಂಡು, ಎಡ ಅಂಗೈ ಮೇಲೆ ಇಟ್ಟುಕೊಂಡು ಬ್ರಷ್ಷು ಹಿಡಿದೆವು.

ಮೇಡಂ ಸ್ಟೂಲಿನಿಂದ ಬೀಳುವುದೊಂದು ಬಾಕಿ.

"ಏನಿದು? ಏನ್ ಮಾಡ್ತಿದೀರಾ ನೀವು? ಬರೀ ಕೈ! ಒದ್ದೆ ಕೈ! ಕಣ್ಣಿಗೆ ಬೇರೆ ಹಚ್ಕೊಂಡ್ರಲ್ಲ!"

ನಿಜ ಹೇಳಬೇಕೆಂದರೆ ಆವರೆಗೆ ನಾವು ಅದನ್ನೊಂದು ಕೆಲಸವೆಂದು ಗಮನಿಸಿಯೇ ಇರಲಿಲ್ಲ. ದೇವರ ಮನೆಗೆ ಹೋಗುವಾಗ ಚಪ್ಪಲಿ ಬಿಡುವುದನ್ನು ಯಾರಾದರೂ ಯೋಚಿಸಿ ಮಾಡುತ್ತಾರೆಯೇ? ಕಡತದ ಮೇಜಿಗೆ ಬರುವುದು ಕಂದಾಯದ ಕಾಗದ, ಅದರ ಮುಂದೆ ಯಾರೂ ಕೈ ತೊಳೆಯುವುದಿಲ್ಲ. ನಮಗೆ ಬರುವ ಗರಿಗಳಲ್ಲಿ ಅರ್ಧಕ್ಕೆ ಹೆಚ್ಚು ದೇವರ ಸ್ತುತಿ, ಪುರಾಣ. ಭಕ್ತಿ ಇದ್ದವರ ಕೈಗೇ ಬೂಷ್ಟು ಹತ್ತಿತ್ತು. ಅದೂ ನನಗೆ ಎಡ ಅಂಗೈ ನಡುವೆಯೇ, ಲಿಂಗ ಕೂರುವ ಜಾಗದಲ್ಲೇ. ಗರಿಯನ್ನೂ ನಾನು ಅಲ್ಲೇ ಇಟ್ಟುಕೊಳ್ಳುತ್ತಿದ್ದೆ.

"ಇನ್ಮೇಲೆ ಎಲ್ಲದಕ್ಕೂ ಗ್ಲೌಸು," ಎಂದರು ಮೇಡಂ.

"ಅಯ್ಯೋ ಮೇಡಂ, ರಬ್ಬರ್ ಆಕ್ಕೊಂಡು ಸಾಸ್ತ್ರ ಮುಟ್ಟದಾ? ಎರಿಗೆ ಆಸ್ಪತ್ರೇಲಿ ಆಕ್ಕೊಳೋ ಗ್ಲೌಸು ಅದು! ಚರ್ಮ ಇದ್ದಂಗೈತೆ," ಎಂದಳು ನಾಗಸಂದ್ರದ ಅಕ್ಕ.

ಮೇಷ್ಟ್ರು ತಲೆ ಕೆರೆದುಕೊಂಡರು. "ನೀವು ಹೇಳೋದು ಬುದ್ಧಿ ಒಪ್ಪುತ್ತೆ ಮೇಡಂ. ಕೈ ಒಪ್ಪಲ್ಲ. ಯಾರಾದ್ರೂ ಹಿರಿಯರು ಹೌದು ಅಂದ್ರೆ ಹಾಕ್ಕೊಳ್ತೀನಿ."

ನನ್ನ ಮನೆಯಲ್ಲಿರುವ ಹಿರಿಯರು ಏನನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಡಂ ಕೋಪದಲ್ಲಿ ನಮ್ಮನ್ನು ಓಲೆಗರಿಯ ಮೇಜಿನಿಂದಲೇ ಎಬ್ಬಿಸುತ್ತಾರೋ ಎಂದು ದಿಗಿಲಾಯಿತು. ಆದರೆ ಅವರಿಗೆ ನಮ್ಮ ಮೇಲೆ ಪ್ರೀತಿಯೂ ಇತ್ತು. ಎರಡು ದಿನ ಯೋಚಿಸಿ ಎಂದು ಬಿಟ್ಟರು.

ಆ ಎರಡನೆಯ ದಿನ, ಊಟದ ಹೊತ್ತಿಗೆ, ಶೆಡ್ಡಿನ ಬಾಗಿಲಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು, ಹಣೆ ತುಂಬ ವಿಭೂತಿ ಹಚ್ಚಿ, ಕೈಯಲ್ಲಿ ಕೊಡೆ ಹಿಡಿದು ನನ್ನ ಅತ್ತೆ ನಿಂತಿದ್ದರು. ಹಿಂದೆ ಲೇತ್ ವರ್ಕ್‌ಶಾಪಿನ ಇಬ್ಬರು, ದಾರಿ ತೋರಿಸಲು ಬಂದವರು.

"ಅಕ್ಕಾ, ನಿಮ್ಮನೆ ಅಮ್ಮ. ಇಡೀ ಏರಿಯಾ ಸುತ್ತಿದ್ದಾರೆ, ಪುಸ್ತಕ ತೊಳಿಯೋ ಫ್ಯಾಕ್ಟರಿ ಎಲ್ಲಿ ಅಂತ ಕೇಳ್ಕೊಂಡು," ಎಂದು ನಗುತ್ತ ಒಬ್ಬ ಹೇಳಿದ.

ನಾನು ಎಡಗೈಯನ್ನು ಸೆರಗಿನಡಿ ಸರಿಸಿದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅತ್ತೆ ನನ್ನ ಕೈ ನೋಡಿ ಏನೂ ಅಂದಿರಲಿಲ್ಲ, ಸುಮ್ಮನಾಗಿದ್ದರು. ಅವರು ಬಂದದ್ದು ಯಾಕೆಂದು ಕೇಳಬೇಕಾಗಿರಲಿಲ್ಲ. ಶ್ರಾವಣದವರೆಗೂ ಕಾಯುವುದು ಬೇಡ, ಮೇಡಂಗೆ ಈಗಲೇ ಹೇಳಿ ಸೊಸೆಯನ್ನು ಬಿಡಿಸಿಕೊಂಡು ಹೋಗಬೇಕೆಂದೇ ಬಂದಿದ್ದರು. ಬರುವಾಗ ರೊಟ್ಟಿ ಕಟ್ಟಿಕೊಂಡು ಬಂದದ್ದು ಮಾತ್ರ ಅಭ್ಯಾಸಬಲ.

ಆದರೆ ಮೇಷ್ಟ್ರು ಅವರನ್ನು ಬಾಯಿ ತೆರೆಯಲು ಬಿಟ್ಟರೆ ತಾನೇ? ಹಣೆಯ ವಿಭೂತಿ, ಹಿರಿಯ ಮುಖ ಕಂಡದ್ದೇ ಕುರ್ಚಿ ಎಳೆದು ಕೂರಿಸಿದರು. ನೀರು ಕೊಟ್ಟರು. ಕೈಕಟ್ಟಿ ನಿಂತು, "ಅಮ್ಮಾ, ನೀವು ಸರಿಯಾದ ಹೊತ್ತಿಗೆ ಬಂದ್ರಿ. ನಮಗೊಂದು ಧರ್ಮಸೂಕ್ಷ್ಮ ಬಗೆಹರೀಬೇಕು. ರಬ್ಬರ್ ಗ್ಲೌಸು ಹಾಕ್ಕೊಂಡು ಶಿವಸ್ತುತಿ ಮುಟ್ಟಬಹುದೋ, ಮುಟ್ಟಬಾರದೋ? ನೀವಂದ ಹಾಗೆ," ಎಂದರು.

ಅತ್ತೆ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಬೆಂಗಳೂರಿಗೆ ಬಂದ ಮೇಲೆ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಊರಲ್ಲಿ ಓಣಿಯ ಹೆಂಗಸರು ಬಾಣಂತಿತನದಿಂದ ಹಿಡಿದು ಉಪ್ಪಿನಕಾಯಿವರೆಗೆ ಎಲ್ಲದಕ್ಕೂ ಇವರ ಹತ್ತಿರವೇ ಬರುತ್ತಿದ್ದರಂತೆ. ಇಲ್ಲಿ ಮೂರನೆಯ ಮಹಡಿಯಲ್ಲಿ ಕಿಟಕಿಯಿಂದ ಲಾರಿ ನೋಡುತ್ತ ಕೂರುವುದೇ ಆಗಿತ್ತು. ಈಗ ಕುರ್ಚಿಯಲ್ಲಿ ಅವರ ಬೆನ್ನು ನೆಟ್ಟಗಾಯಿತು. ಅದನ್ನು ಕಂಡು ಆ ದಿಗಿಲಿನಲ್ಲೂ ನನಗೆ ಖುಷಿಯಾಯಿತು.

"ಎಲ್ಲೈತಿ ಆ ಗಿಲಾಸು? ತರ್ರಿ ಇಲ್ಲಿ."

ಮೇಡಂ ತಂದುಕೊಟ್ಟರು. ಅತ್ತೆ ಅದನ್ನು ಎಳೆದರು, ಬಿಟ್ಟರು, ಮೂಸಿದರು.

"ಇದು ಯಾತರದ್ದು? ದನದ ತೊಗಲೇನ?"

"ಇಲ್ಲಮ್ಮಾ, ಮರದ್ದು," ಎಂದರು ಮೇಡಂ. "ರಬ್ಬರ್ ಮರ ಇರುತ್ತೆ. ತೊಗಟೆ ಕೊಯ್ದರೆ ಹಾಲು ಬರುತ್ತೆ. ಆ ಹಾಲು ಗಟ್ಟಿ ಮಾಡಿ ಇದು ಮಾಡೋದು."

"ಹಾಲಂದ್ರ ಬೆಳ್ಳಗೆ ಇರತೈತೇನ?"

"ಬೆಳ್ಳಗೇ. ನಮ್ಮ ಮಾವನ ಊರಲ್ಲಿ ತೋಟ ಇದೆ, ನಾನೇ ನೋಡಿದೀನಿ."

ಅತ್ತೆ ಗ್ಲೌಸನ್ನು ಮಡಿಲಲ್ಲಿಟ್ಟು ಮೇಜಿನ ಮೇಲಿದ್ದ ಗರಿಯತ್ತ ಬಗ್ಗಿದರು. ಲೇತ್ ಮಷೀನು ನಿಂತಿತ್ತು, ಊಟದ ವೇಳೆ ನೋಡಿ.

"ಮತ್ತ ಈ ಗರಿ ಯಾತರದ್ದು?"

"ತಾಳೆ ಮರದ್ದಮ್ಮಾ," ಎಂದರು ಮೇಷ್ಟ್ರು.

"ಮುಗೀತಲ್ಲ. ಎಲಿನೂ ಮರದ್ದು, ಹಾಲೂ ಮರದ್ದು. ಅಕ್ಕ ತಂಗಿ ಒಬ್ಬರನ್ನೊಬ್ಬರು ಮುಟ್ಟಿದರ ಶಿವಗೇನು ತ್ರಾಸ?"

ಮೇಷ್ಟ್ರು ಚಪ್ಪಾಳೆ ತಟ್ಟಿಬಿಟ್ಟರು. ನಾಗಸಂದ್ರದ ಅಕ್ಕ ಮಾತ್ರ ಬಿಡಲಿಲ್ಲ. "ಅಂಗಾದ್ರೂ ಎರಿಗೆ ಆಸ್ಪತ್ರೇದು ಕಣಮ್ಮ..."

"ನೀ ಎಲ್ಲಿಂದ ಬಂದಿ ತಂಗಿ, ಮುಗಿಲಿಂದ ಉದುರಿದಿ ಏನ?" ಎಂದರು ಅತ್ತೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಶೆಡ್ಡೇ ನಕ್ಕಿತು, ಕಡತದ ಮೇಜಿನವರೂ ಸೇರಿ.

ಅಷ್ಟರಲ್ಲಿ ಅತ್ತೆಗೆ ರುಚಿ ಹತ್ತಿತ್ತು. ನಾವು ಈವರೆಗೆ ಹೇಗೆ ಮಾಡುತ್ತಿದ್ದೆವೆಂದು ಎಲ್ಲ ಬಿಡಿಸಿ ಕೇಳಿದರು. ನಲ್ಲಿಯ ಕಥೆಗೆ ಬಂದಾಗ ಹಣೆ ಚಚ್ಚಿಕೊಂಡರು. "ತೊಯ್ದ ಕೈಲೆ? ಲಿಂಗಕ್ಕ ನೀರು ಹಾಕತೀವಿ ಖರೆ. ಹಾಕಿದ ಮ್ಯಾಲ ಒಣ ಅರಬಿಲೆ ಒರಸೇ ಕರಡಿಗ್ಯಾಗ ಇಡತೀವಲ್ಲೋ? ಹಸೀ ಇಟ್ಟರ ಅದರ ಅರಬಿಗೂ ಬೂಷ್ಟ ಬರತೈತಿ. ನಮ್ಮೊಳಗ ಮೈಲಿಗಿ ಅಂಬೂದಿಲ್ಲ, ಅಂದ್ರ ಹೊಲಸಂಬೂದು ಇಲ್ಲಂತಲ್ಲ."

ಕಣ್ಣಿಗೊತ್ತಿಕೊಳ್ಳುವುದಕ್ಕೂ ಅವರೇ ಪರಿಹಾರ ಹೇಳಿದರು. "ಹಳೀ ಮುದುಕರ ಕಾಲಿಗೆ ದೂರದಿಂದ ನಮಸ್ಕಾರ ಮಾಡಾಂಗಿಲ್ಲೇನು? ಹಂಗ ಮಾಡ್ರಿ. ಸ್ವಚ್ಛ ಆದ ಮ್ಯಾಲ ಬೇಕಾದ್ರ ತಬ್ಬಿಕೊಳ್ರಿ."

ಸಂಜೆ ಬಸ್ಸಿನಲ್ಲಿ ಅತ್ತೆಗೆ ಸೀಟು ಸಿಕ್ಕಿತು, ನಾನು ಪಕ್ಕದಲ್ಲಿ ನಿಂತಿದ್ದೆ. ಧೈರ್ಯ ಮಾಡಿ ಕೇಳಿದೆ. "ಅತ್ತೀ, ನೀವು ಬಂದಿದ್ದ ಕೆಲಸ?"

"ಆ ಮಾತು ಹಂಗ ಐತಿ. ಶ್ರಾವಣ ಬರಲಿ," ಎಂದರು. ಕಿಟಕಿಯ ಕಡೆ ತಿರುಗಿಕೊಂಡರು. ಅವರ ಮುಖದಲ್ಲಿ ನಗುವಿತ್ತೇ ಎಂದು ಬಗ್ಗಿ ನೋಡಲು ಹೋಗಿ ಕಂಡಕ್ಟರ ಕೈಲಿ ಬೈಸಿಕೊಂಡೆ.

ಮಾರನೆಯ ದಿನದಿಂದ ನಮ್ಮ ಗ್ಲೌಸುಗಳ ಆಡಳಿತ ಅತ್ತೆಯ ಕೈಗೆ ಹೋಯಿತು. ರಬ್ಬರಿನವನ್ನು ಒಮ್ಮೆ ಹಾಕಿ ಎಸೆಯುವುದು, ಅದು ಮೇಡಂ ಕಾನೂನು. ಒಳಗಿನ ಹತ್ತಿಯವು ಅತ್ತೆಯ ಕಾನೂನು. ನಾನು ದಿನಾ ಸಂಜೆ ಎಲ್ಲರ ಗ್ಲೌಸು ಬೇರೆ ಚೀಲದಲ್ಲಿ ಕಟ್ಟಿ ತರಬೇಕು. ಅವನ್ನು ಹಳೆಯ ಬೋಗುಣಿಯಲ್ಲಿ ಕುದಿಸಬೇಕು. ತಾರಸಿಯ ಮೇಲೆ ಒಣಹಾಕಿದ ಮೇಲೆ ಯಾರೂ ಮುಟ್ಟಕೂಡದು, ಮಗನೂ ಕೂಡ. ಒಬ್ಬರದು ಒಬ್ಬರು ಹಾಕಿಕೊಳ್ಳುವಂತಿಲ್ಲ. ಗುರುತಿಗೆ ಮಣಿಕಟ್ಟಿನ ಹತ್ತಿರ ಬಣ್ಣದ ದಾರದಲ್ಲಿ ಒಂದೊಂದು ಚಿತ್ರ ಹಾಕಿದರು. ಮೇಷ್ಟ್ರಿಗೆ ನಂದಿ, ಅಕ್ಕನಿಗೆ ಗಿಣಿ, ಮೇಡಂಗೆ ಮಾವಿನಕಾಯಿ, ನನಗೆ ಬಿಲ್ವದ ಎಲೆ. ಮೇಷ್ಟ್ರು ತಮ್ಮ ನಂದಿಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಕಡತದ ಮೇಜಿನವರು, ನಮಗೇಕಿಲ್ಲ ಎಂದು ತಗಾದೆ ತೆಗೆದರು. ಅವರಿಗೂ ನವಿಲು, ತೇರು, ಕಮಲ ಎಲ್ಲ ಬಂದವು. ಕೊಪ್ಪಳದವಳು ರಜೆಯ ದಿನ ಕೂತು ಕತ್ತರಿಸುತ್ತಿದ್ದಳು, ಅತ್ತೆ ಪಕ್ಕದಲ್ಲಿ ಕೂತು ಅವಳ ಊರಿನ ಸುದ್ದಿ ಕೇಳುತ್ತ ದಾರ ಪೋಣಿಸುತ್ತಿದ್ದರು. ಅತ್ತೆಯ ನಗು ಕೆಳಗಿನ ಮನೆಯವರೆಗೂ ಕೇಳಿಸುತ್ತಿತ್ತು.

ತಾರಸಿಯ ಹಗ್ಗದ ಮೇಲೆ ಗಾಳಿಗೆ ಆ ಬಿಳಿ ಕೈಗಳೆಲ್ಲ ಅಲ್ಲಾಡುವಾಗ ರಸ್ತೆಯಲ್ಲಿ ಹೋಗುವವರು ತಲೆಯೆತ್ತಿ ನೋಡುತ್ತಿದ್ದರು. ಎದುರುಮನೆಯ ಪುಟ್ಟ ಮಗು ದಿನಾ ಅವಕ್ಕೆ ಕೈಬೀಸುತ್ತಿತ್ತು.

ಆಷಾಢದ ಗಾಳಿಮಳೆಯಲ್ಲಿ ಒಂದು ವಾರ ಏನೂ ಒಣಗಲಿಲ್ಲ. ಹಸಿ ಗ್ಲೌಸು ಕಳಿಸುವುದಿಲ್ಲವೆಂದು ಅತ್ತೆಯ ಹಟ. ನಡುಮನೆಯಲ್ಲಿ ಹಗ್ಗ ಕಟ್ಟಿದರು. ಸೋಫಾ ಮೇಲೆ, ಟಿವಿ ಮೇಲೆ, ಫ್ಯಾನಿನ ಕೆಳಗೆ ಎಲ್ಲೆಲ್ಲೂ ಕೈಗಳು. ಯಜಮಾನರು ಫ್ಯಾಕ್ಟರಿಯಿಂದ ಬಂದು ಇಸ್ತ್ರಿಪೆಟ್ಟಿಗೆ ಹಿಡಿದು ಒಂದೊಂದೇ ಬೆರಳು ಒತ್ತುತ್ತ ಕೂತರು. "ಇಡೀ ಪೀಣ್ಯದಲ್ಲಿ ಬೆರಳು ಇಸ್ತ್ರಿ ಮಾಡೋ ಇಂಜಿನಿಯರ್ ನಾನೊಬ್ಬನೇ," ಎಂದರು. ಪೇಪರಿನ ಹಿಂದಿನಿಂದ ಅವರು ಪೂರ್ತಿ ಹೊರಗೆ ಬಂದದ್ದು ಆ ವಾರ.

ಮೇಷ್ಟ್ರ ಬೆರಳ ಸಂದಿ ಮೊದಲು ವಾಸಿಯಾಯಿತು. ಆಮೇಲೆ ಅಕ್ಕನ ಉಗುರಿನ ಬುಡ. ನನ್ನದು ಕೊನೆಯದು. ಹಟಮಾರಿಯ ಕೈಯಲ್ಲವೇ. ಸಿಪ್ಪೆ ಏಳುವುದು ನಿಂತು, ಕೆಂಪು ತಿಳಿಯಾಗಿ, ತೆಳ್ಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂತು. ಡಾಕ್ಟರು ನೋಡಿ, "ನೀರು ಹಾಕ್ಬಹುದು, ಆಮೇಲೆ ಚೆನ್ನಾಗಿ ಒರೆಸ್ಕೊಳ್ಳಿ," ಎಂದರು. ಮನೆಗೆ ಬಂದು ಹೇಳಿದರೆ ಅತ್ತೆ, "ಡಾಕ್ಟರಗೇನು ಗೊತ್ತು, ನಾ ನೋಡೂತನಕ ತಡಿ," ಎಂದರು. ನೋಡಲಿಲ್ಲ ಮಾತ್ರ. ಸೋಮವಾರದವರೆಗೆ ಕಾಯಿಸಿದರು.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ನಾನು ಮಿಂದು ಬಂದಾಗ ಅವರು ಆಗಲೇ ಪೂಜೆ ಮುಗಿಸಿ ಕಿಟಕಿಯ ಹತ್ತಿರ ನಿಂತಿದ್ದರು. ನನ್ನ ಎಡಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಅಂಗೈಯ ಗೆರೆಗಳ ಮೇಲೆ ಹೆಬ್ಬೆರಳು ಎಳೆದರು, ಬೆರಳ ಸಂದಿ ಬಿಡಿಸಿ ನೋಡಿದರು, ಒತ್ತಿ ನೋಡಿದರು. ಅಷ್ಟು ಹೊತ್ತು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

"ಕುಂದರು," ಎಂದರು.

ನಾನು ಮಣೆಯ ಮೇಲೆ ಕೂತೆ. ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡೆ. ಹೊಸ ಚರ್ಮಕ್ಕೆ ಅದರ ತಣ್ಣಗಿನ ಭಾರ ತಾಗಿದಾಗ ಒಳಗೆಲ್ಲ ಹಗುರವಾಯಿತು. ಅತ್ತೆ ತಾವೇ ತಂಬಿಗೆ ಹಿಡಿದು ನಿಧಾನವಾಗಿ ನೀರು ಹಾಕಿದರು. ಉರಿಯಲಿಲ್ಲ. ನಾನು ವಿಭೂತಿ ಹಚ್ಚಿದೆ, ಬಿಲ್ವ ಏರಿಸಿದೆ, ಎಷ್ಟೋ ವಾರಗಳ ಬಾಕಿಯೆಲ್ಲ ತೀರುವ ಹಾಗೆ ನೋಡುತ್ತ ಕೂತೆ. ಮುಗಿದ ಮೇಲೆ ಒಣಬಟ್ಟೆಯಿಂದ ಲಿಂಗವನ್ನು ಒರೆಸಿ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಎದ್ದು ಅತ್ತೆಯ ಕಾಲು ಮುಟ್ಟಿದೆ. ಕೆಲಸದ ಮಾತು ಎತ್ತಲು ಧೈರ್ಯ ಸಾಲದೆ ಹಾಗೇ ನಿಂತೆ.

ಅತ್ತೆ ಇನ್ನೊಂದು ಒಣಬಟ್ಟೆ ತಂದು ನನ್ನ ಕೈ ಹಿಡಿದು, ಅಂಗೈ, ಬೆರಳು, ಬೆರಳ ಸಂದಿ ಎಲ್ಲ ಒತ್ತಿ ಒತ್ತಿ ಒರೆಸಿದರು. ಆಮೇಲೆ ಗೂಟದಿಂದ ಗ್ಲೌಸಿನ ಚೀಲ ತೆಗೆದು ಒಂದು ಹೆಗಲಿಗೆ ಹಾಕಿಕೊಂಡರು. ಕೈಯಲ್ಲಿ ರೊಟ್ಟಿಯ ಡಬ್ಬಿ ಮತ್ತು ಕೊಡೆ.

"ನೋಡಕೋತ ಏನ ನಿಂತಿ? ಮೇಷ್ಟ್ರು ಇವತ್ತ ಹೊಸಾ ಕಟ್ಟು ಬಿಚ್ಚತೇನಿ ಅಂದಾರ. ಬಸ್ಸು ತಪ್ಪಿದರ ನಾ ಕೇಳಾಕಿ ಅಲ್ಲ. ನಡಿ," ಎಂದು ಚಪ್ಪಲಿ ಮೆಟ್ಟಿ ನನಗಿಂತ ಮುಂದೆ ಮೆಟ್ಟಿಲಿಳಿದರು.